ಆಲಿವೀನ್ ಹರಳಿನ ಅಂಚಿನಲ್ಲಿ ಶಿಲಾರಸದ ದಿನಗಳನ್ನು ಎಣಿಸುವುದು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ ಲೆಕ್ಕವಿಲ್ಲ. ನಮ್ಮ ಓಣಿಯಲ್ಲಿಯೇ ನಾಲ್ಕು ಮನೆಗಳಿಂದ ಬೆಳಗಿನಿಂದ ರಾತ್ರಿಯವರೆಗೆ ಮಿಷನ್ ಸದ್ದು ಕೇಳುತ್ತದೆ. ಎಂ.ಎಸ್ಸಿ. ಭೂವಿಜ್ಞಾನದ ಮಕ್ಕಳಿಗೆ ಈ ಪಾಠ ಶುರು ಮಾಡುವ ದಿನ ಆ ಮನೆಗಳ ಬಾಗಿಲಲ್ಲಿ ಬಿದ್ದ ಚಿಂದಿಯೊಂದನ್ನು ಎತ್ತಿಕೊಂಡು ಹೋಗುತ್ತೇನೆ. ಚಿಂದಿಯಿಂದ ಒಂದು ನೀಲಿ ಎಳೆಯನ್ನು ಬಿಡಿಸಿ, ಹೊಸ ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇನೆ. ನೋಡಿದವರು ಪ್ರತಿ ವರ್ಷವೂ ಬೆರಗಾಗುತ್ತಾರೆ. ಹೊರಗಿನಿಂದ ಪೂರ್ತಿ ನೀಲಿಯಾಗಿ ಕಾಣುವ ಎಳೆಯ ನಡು ಬೆಳ್ಳಗಿರುತ್ತದೆ. ಸುತ್ತ ಮಾತ್ರ ನೀಲಿ ಬಳೆ. ಬಣ್ಣದ ತೊಟ್ಟಿಯಲ್ಲಿ ಮುಳುಗೆದ್ದಷ್ಟು ಹೊತ್ತಿಗೆ ನೀಲಿ ಒಳಗಿಳಿದದ್ದು ಅಷ್ಟೇ.

ಆಗ ಕೇಳುತ್ತೇನೆ: ಈ ಬಳೆಯ ದಪ್ಪವನ್ನು ನೋಡಿ, ಎಳೆ ತೊಟ್ಟಿಯಲ್ಲಿ ಎಷ್ಟು ಹೊತ್ತು ಇತ್ತೆಂದು ಹೇಳುತ್ತೀರಾ? ಮೊದಲು ಮೌನ. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಡುತ್ತಾರೆ. ಮೇಡಂ, ತೊಟ್ಟಿಯ ನೀರು ಎಷ್ಟು ಬಿಸಿ ಇತ್ತು? ಬಣ್ಣ ಎಷ್ಟು ಗಟ್ಟಿ ಇತ್ತು? ಎಳೆಯನ್ನು ನೆಟ್ಟಗೆ ಕೊಯ್ದಿದ್ದೀರಾ, ಓರೆಯಾಗಿ ಕೊಯ್ದಿದ್ದೀರಾ? ತೊಳೆಯುವಾಗ ಅಂಚು ಸವೆದಿಲ್ಲ ತಾನೇ? ಜ್ವಾಲಾಮುಖಿಯ ಕೆಳಗೆ ಶಿಲಾರಸ ಎಷ್ಟು ದಿನದಲ್ಲಿ ಮೇಲೇರಿತು ಎಂದು ಹರಳಿನಿಂದ ಕಂಡುಹಿಡಿಯುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವೇ. ಇವುಗಳಿಗೆ ಉತ್ತರ ಸಿಗುವ ಮೊದಲೇ ಕ್ಯಾಲ್ಕುಲೇಟರ್ ಹಿಡಿಯುವ ಆತುರದಿಂದ ನಾನೂ ಎರಡು ವರ್ಷ ಹಾಳುಮಾಡಿಕೊಂಡಿದ್ದೇನೆ. ಆದ್ದರಿಂದ ಕೆಲಸ ಯಾವ ಕ್ರಮದಲ್ಲಿ ಕೈಗೆ ಬರುತ್ತದೆಯೋ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಹರಳಿನೊಳಗೆ ನಡೆಯುವುದೇನು

ಆಲಿವೀನ್ ಎಂಬುದು ಮೆಗ್ನೀಸಿಯಂ, ಕಬ್ಬಿಣ, ಸಿಲಿಕಾನ್, ಆಮ್ಲಜನಕ ಸೇರಿ ಆದ ಜೇನುಹಸಿರು ಬಣ್ಣದ ಖನಿಜ. ಅದರ ಜಾಲದಲ್ಲಿ ಒಂದೇ ಬಗೆಯ ಮನೆಗಳಲ್ಲಿ ಮೆಗ್ನೀಸಿಯಂ ಕೂರಬಹುದು, ಕಬ್ಬಿಣವೂ ಕೂರಬಹುದು. ಅಂಥ ನೂರು ಮನೆಗಳಲ್ಲಿ ಮೆಗ್ನೀಸಿಯಂ ಎಷ್ಟರಲ್ಲಿದೆಯೋ ಅದನ್ನು ಫಾರ್ಸ್ಟರೈಟ್ ಅಂಕ ಎನ್ನುತ್ತೇವೆ. ಆಳದಲ್ಲಿ ಹುಟ್ಟಿದ ಹರಳು ತನ್ನ ಸುತ್ತಲಿನ ದ್ರವಕ್ಕೆ ಹೊಂದಿಕೊಂಡಿರುತ್ತದೆ. ಒಂದು ದಿನ ಆ ದ್ರವ ಬದಲಾಗುತ್ತದೆ: ಕೆಳಗಿನಿಂದ ಹೊಸ ಬಿಸಿ ಶಿಲಾರಸ ನುಗ್ಗಬಹುದು, ಅಥವಾ ಹರಳನ್ನು ಹೊತ್ತ ಶಿಲಾರಸವೇ ಮೇಲೆ ಬಂದು ಕಬ್ಬಿಣ ಹೆಚ್ಚಿದ ಹಳೆಯ ಶಿಲಾರಸದ ಜೊತೆ ಬೆರೆಯಬಹುದು. ಆ ಗಳಿಗೆಯಿಂದ ಅಂಚಿನಲ್ಲಿ ವಿನಿಮಯ ಶುರುವಾಗುತ್ತದೆ. ಕಬ್ಬಿಣ ಒಳಗೆ, ಮೆಗ್ನೀಸಿಯಂ ಹೊರಗೆ, ಒಂದೊಂದೇ ಪರಮಾಣು ಮನೆಯಿಂದ ಮನೆಗೆ ಜಿಗಿಯುತ್ತದೆ. ಇದೇ ವಿಸರಣೆ. 1,100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ನಡೆಯುತ್ತಲೇ ಇರುತ್ತದೆ. ಜ್ವಾಲಾಮುಖಿ ಸಿಡಿದು ಹರಳು ಗಾಳಿಗೆ ಬಂದು ತಣ್ಣಗಾದ ಕೂಡಲೇ ನಿಂತುಬಿಡುತ್ತದೆ. ಉಳಿಯುವುದು ಆ ನೀಲಿ ಬಳೆಯಂಥ ಅಂಚು.

ಇದರ ಗಣಿತವನ್ನು ಅಡಾಲ್ಫ್ ಫಿಕ್ 1855ರಲ್ಲಿಯೇ ಕೊಟ್ಟಿದ್ದರು. ಅದರಲ್ಲಿ ಮನಸ್ಸಿನಲ್ಲಿಡಬೇಕಾದದ್ದು ಒಂದು: ಸಮಯ ದೂರದ ವರ್ಗದಂತೆ ಬೆಳೆಯುತ್ತದೆ. ಬಳೆ ಎರಡರಷ್ಟು ದಪ್ಪವಾಗಬೇಕಾದರೆ ನಾಲ್ಕರಷ್ಟು ಸಮಯ ಬೇಕು. ಇದರ ಇನ್ನೊಂದು ಮುಖವೇ ನಮಗೆ ಅಪಾಯ. ದಪ್ಪವನ್ನು ಅಳೆಯುವಾಗ ಒಂದೂವರೆ ಪಟ್ಟು ತಪ್ಪಿದರೆ ಸಮಯ ಎರಡೂಕಾಲು ಪಟ್ಟು ತಪ್ಪುತ್ತದೆ.

ಮಾದರಿ

ನನ್ನ ಬಳಿ ಒಂದು ಹಳೆಯ ಬೋರ್ನ್‌ವಿಟಾ ಡಬ್ಬಿಯಲ್ಲಿ ಇಟಲಿಯ ಎಟ್ನಾ ಜ್ವಾಲಾಮುಖಿಯ ಕಪ್ಪು ಕಲ್ಲುಕಾಳುಗಳಿವೆ. 2021ರ ಫೆಬ್ರವರಿಯಿಂದ ಆ ಪರ್ವತ ಮೇಲಿಂದ ಮೇಲೆ ಚಿಮ್ಮಿದಾಗ ತಪ್ಪಲಿನ ಊರುಗಳ ಬೀದಿಗೂ ಮಾಳಿಗೆಗೂ ಇಂಥ ಕಾಳುಗಳು ಸುರಿದಿದ್ದವು; ಜನ ಗುಡಿಸಿ ರಾಶಿ ಹಾಕುತ್ತಿದ್ದರು. ಅಲ್ಲಿ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿ ಆ ರಾಶಿಯಿಂದ ಒಂದು ಹಿಡಿ ತಂದುಕೊಟ್ಟಳು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿಯಿಲ್ಲ. ಕಡಲೆಕಾಳಿನ ಗಾತ್ರದ ತುಣುಕು ಗಾಳಿಯಲ್ಲಿ ಹಾರುವಾಗಲೇ ತಣ್ಣಗಾಗುವುದರಿಂದ ಅದರ ಗಡಿಯಾರ ಸಿಡಿದ ಗಳಿಗೆಯಲ್ಲಿಯೇ ನಿಂತಿರುತ್ತದೆ.

ದಪ್ಪ ಲಾವಾ ಹರಿವಿನ ಹೊಟ್ಟೆಯಿಂದ ಎಂದೂ ಮಾದರಿ ತೆಗೆಯಬೇಡಿ. ಅಲ್ಲಿ ಕಲ್ಲು ನೆಲದ ಮೇಲೆ ಬಂದ ನಂತರವೂ ದಿನಗಟ್ಟಲೆ, ವಾರಗಟ್ಟಲೆ ಬಿಸಿಯಾಗಿರುತ್ತದೆ. ನೀವು ಎಣಿಸುವುದು ಭೂಗರ್ಭದ ದಿನಗಳನ್ನಲ್ಲ, ಹೊಲದ ಮೇಲೆ ಬಿದ್ದಿದ್ದ ದಿನಗಳನ್ನು. ಲಾವಾ ಬಿಟ್ಟು ಬೇರೇನೂ ಸಿಗದಿದ್ದರೆ ಮೇಲಿನ ಗಾಜಿನಂಥ ತೊಗಟೆಯನ್ನು ಮಾತ್ರ ಎಬ್ಬಿಸಿಕೊಳ್ಳಿ.

ಕಾಳುಗಳನ್ನು ತೊಳೆದು, ಒಣಗಿಸಿ, ಕಬ್ಬಿಣದ ಒರಳಿನಲ್ಲಿ ಕುಟ್ಟಬೇಕು. ಖಾರದ ಪುಡಿ ಕುಟ್ಟುವಂತೆ ಅರೆಯಬಾರದು; ಶೇಂಗಾ ಸಿಪ್ಪೆ ಒಡೆಯುವಷ್ಟು ಪೆಟ್ಟು ಸಾಕು. ಅರ್ಧ ಮಿಲಿಮೀಟರಿನ ಜರಡಿಯ ಮೇಲೆ ನಿಂತದ್ದನ್ನು ಬಿಳಿ ಕಾಗದದ ಮೇಲೆ ಹರವಿ ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಿಂದ ಆರಿಸಬೇಕು. ಪೈರಾಕ್ಸಿನ್ ಎಂಬ ಇನ್ನೊಂದು ಖನಿಜವೂ ಹಸಿರೇ, ಆದರೆ ಕಪ್ಪಿಗೆ ತಿರುಗಿದ ಹಸಿರು, ಮತ್ತು ಅದು ಸಮತಟ್ಟಾದ ಮುಖಗಳಲ್ಲಿ ಒಡೆಯುತ್ತದೆ. ಆಲಿವೀನ್ ಒಡೆದ ಬಾಟಲಿ ಗಾಜಿನಂತೆ ಬಾಗಿದ ಮೈ ತೋರಿಸುತ್ತದೆ. ಇಲ್ಲಿ ಮಕ್ಕಳು ತಪ್ಪದೆ ಮಾಡುವ ತಪ್ಪೊಂದಿದೆ: ಅತ್ಯಂತ ಸ್ವಚ್ಛವಾದ, ಮಿನುಗುವ ಹರಳುಗಳನ್ನು ಆರಿಸುತ್ತಾರೆ. ಮಿನುಗುವ ಹರಳು ಎಂದರೆ ಅಂಚು ಒಡೆದ ಹರಳು. ನಮಗೆ ಬೇಕಾದದ್ದು ಮೈಗೆ ಕಪ್ಪು ಗಾಜು ಅಂಟಿಕೊಂಡಿರುವ ಕೊಳಕು ಹರಳು. ಗಾಜು ಇದ್ದರೆ ಅದರ ಒಳಗಿನ ಅಂಚು ಉಳಿದಿದೆ ಎಂದರ್ಥ. ನನ್ನ ಮೊದಲ ತಂಡದ 30 ಹರಳುಗಳನ್ನು ನಾನು ಆಮ್ಲದಲ್ಲಿ ತೊಳೆದು ಫಳಫಳ ಹೊಳೆಯಿಸಿದ್ದೆ. ಅಂಚೂ ಹೋಯಿತು, ಆರು ತಿಂಗಳ ಕೆಲಸವೂ ಹೋಯಿತು.

ಅಂಟು ಮತ್ತು ಹೊಳಪು

ಒಂದಿಂಚಿನ ಅಚ್ಚಿನ ತಳಕ್ಕೆ ಎರಡು ಬದಿ ಅಂಟಿರುವ ಟೇಪನ್ನು ಹಾಸಿ ಹರಳುಗಳನ್ನು ಸಾಲಾಗಿ ಕೂರಿಸಿ. ಪ್ರತಿಯೊಂದಕ್ಕೂ ಅಂಕೆ ಕೊಟ್ಟು ನಕ್ಷೆ ಬರೆದುಕೊಳ್ಳಿ. ಆಮೇಲೆ ಎಪಾಕ್ಸಿ ಅಂಟನ್ನು ಸುರಿಯಬೇಕು. ನಮ್ಮ ಬಳ್ಳಾರಿಯ ಬೇಸಿಗೆಯಲ್ಲಿ ಇದನ್ನು ಬೆಳಗಿನ ಐದು ಗಂಟೆಗೆ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 42 ಡಿಗ್ರಿ ದಾಟಿದ ಕೋಣೆಯಲ್ಲಿ ಗಟ್ಟಿಕಾರಕ ಬೆರೆಸಿದರೆ ಬಟ್ಟಲಲ್ಲಿಯೇ ಅಂಟು ಬಿಸಿಯಾಗಿ ಹಬೆಯಾಡುತ್ತದೆ, ಗುಳ್ಳೆಗಳು ಹರಳಿನ ಮಗ್ಗುಲಲ್ಲಿಯೇ ಸಿಕ್ಕಿಬೀಳುತ್ತವೆ. ಗುಳ್ಳೆ ಇದ್ದ ಕಡೆ ಹೊಳಪು ಕೊಡುವಾಗ ಹರಳಿನ ಅಂಚು ಆಸರೆಯಿಲ್ಲದೆ ಮುರಿಯುತ್ತದೆ. ಸೂಚನೆ ಹಾಳೆಯಲ್ಲಿ ಬರೆದಿರುವ ಗಂಟೆಗಳು ತಂಪು ದೇಶದ ಗಂಟೆಗಳು.

ಹೊಳಪಿನ ವಿಷಯದಲ್ಲಿ ನನ್ನ ಗುರು ನನ್ನ ಅಪ್ಪ. ಅವರು ಕುಷ್ಟಗಿ ಕಡೆಯ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ 26 ವರ್ಷ ಪಾಲಿಶ್ ಮಿಷನ್ ನಡೆಸಿದವರು. ನಾನು ಮೊದಲ ಬಾರಿಗೆ ಮಾಡಿದ ಅಚ್ಚನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಿ, "ಒರಟು ಕಾಗದದ ಗೀರು ಹೋಗುವ ಮೊದಲೇ ನುಣುಪಿಗೆ ಹೋಗಿದ್ದೀಯಲ್ಲವ್ವ" ಎಂದಿದ್ದರು. ಅಂದಿನಿಂದ ಅವರ ಪದ್ಧತಿಯೇ ನನ್ನದು. 400ರ ವಾಟರ್ ಪೇಪರಿನಲ್ಲಿ ಒಂದೇ ದಿಕ್ಕಿಗೆ ಉಜ್ಜಬೇಕು. 600ಕ್ಕೆ ಹೋದಾಗ ಅಚ್ಚನ್ನು ಕಾಲು ಸುತ್ತು ತಿರುಗಿಸಿ, ಹಳೆಯ ಗೀರುಗಳಿಗೆ ಅಡ್ಡಲಾಗಿ ಉಜ್ಜಬೇಕು. ಹಳೆಯ ದಿಕ್ಕಿನ ಗೀರು ಒಂದೂ ಕಾಣದಂತಾದ ಮೇಲೆ 1,000, ಆಮೇಲೆ 1,200. ಅನಂತರ ಬಟ್ಟೆಯ ಮೇಲೆ ವಜ್ರದ ಪೇಸ್ಟ್: 6 ಮೈಕ್ರಾನ್, 3, 1. (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.) ಪ್ರತಿ ಹಂತದ ನಡುವೆ ಅಚ್ಚನ್ನೂ ಕೈಯನ್ನೂ ತೊಳೆಯಬೇಕು. ಉಜ್ಜುವಾಗ ನೀರು ಹರಿಯುವುದು ನಿಲ್ಲಬಾರದು. ಒಣ ಉಜ್ಜುವುದನ್ನು ನನ್ನ ಕೋಣೆಯಲ್ಲಿ ಯಾರಿಗೂ ಬಿಡುವುದಿಲ್ಲ. ಅಪ್ಪನ ಕೆಮ್ಮು ಕಲ್ಲಿನ ದೂಳಿನಿಂದ ಬಂದದ್ದು, ಹೋಗಲೇ ಇಲ್ಲ.

ಹೊಳಪಿಗಿಂತ ಮುಖ್ಯ, ಎಲ್ಲಿ ನಿಲ್ಲಿಸಬೇಕು ಎಂಬುದು. ನಿಂಬೆಹಣ್ಣನ್ನು ನಡುವೆ ಕೊಯ್ದರೆ ಸಿಪ್ಪೆ ತೆಳ್ಳಗೆ ಕಾಣುತ್ತದೆ, ತುದಿಯ ಹತ್ತಿರ ಕೊಯ್ದರೆ ದಪ್ಪವಾಗಿ ಕಾಣುತ್ತದೆ. ಸಿಪ್ಪೆ ಬದಲಾಗಿಲ್ಲ, ಚಾಕು ಹೋದ ಜಾಗ ಬದಲಾಗಿದೆ. ಹರಳೂ ಹಾಗೆಯೇ. ನಾನು ಮಾಡುವುದು ಹೀಗೆ: 600ರ ಕಾಗದದಲ್ಲಿ ಹತ್ತು ಎಳೆತ ಉಜ್ಜಿ, ಒರೆಸಿ, ಸೂಕ್ಷ್ಮದರ್ಶಕದ ಅಳತೆಪಟ್ಟಿಯಲ್ಲಿ ಪ್ರತಿ ಹರಳಿನ ಅಗಲವನ್ನು ಓದಿ ಬರೆಯುತ್ತೇನೆ. ಮತ್ತೆ ಹತ್ತು ಎಳೆತ, ಮತ್ತೆ ಓದು. ಅಗಲ ಹೆಚ್ಚುತ್ತಾ ಹೋಗುತ್ತದೆ: 310 ಮೈಕ್ರಾನ್, 380, 420, 435. ಆಮೇಲೆ ಹೆಚ್ಚುವುದು ನಿಲ್ಲುತ್ತದೆ. ಅಲ್ಲಿಯೇ ನಡು. ಕಿರಿದಾಗತೊಡಗಿದರೆ ದಾಟಿಬಿಟ್ಟಿರೆಂದು ತಿಳಿಯಿರಿ. ಒಂದು ಅಚ್ಚಿನಲ್ಲಿ ಎಲ್ಲ ಹರಳುಗಳ ನಡುವೂ ಒಟ್ಟಿಗೆ ಬರುವುದಿಲ್ಲ; ಗಾತ್ರ ಒಂದೇ ಇರುವವುಗಳನ್ನು ಒಂದು ಅಚ್ಚಿಗೆ ಕೂರಿಸುವುದೇ ಅದಕ್ಕೆ ಮದ್ದು. ಈ ಕೆಲಸಕ್ಕೆ ಇಡೀ ಒಂದು ವಾರ ಹಿಡಿಯುತ್ತದೆ. ಹಿಡಿಯಲಿ.

ಚಿತ್ರ, ಅಳತೆ, ದಿಕ್ಕು

ಹರಳಿನ ಒಂದೊಂದು ಬಿಂದುವಿನಲ್ಲಿ ಯಾವ ಮೂಲವಸ್ತು ಎಷ್ಟಿದೆ ಎಂದು ಅಳೆಯುವ ಎಲೆಕ್ಟ್ರಾನ್ ಪ್ರೋಬ್ ಯಂತ್ರ ನಮ್ಮಲ್ಲಿಲ್ಲ. ಮೊದಲೇ ದಿನ ಗೊತ್ತುಮಾಡಿಕೊಂಡು, ಅಚ್ಚುಗಳನ್ನು ಹತ್ತಿಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುತ್ತೇವೆ. ಆದ್ದರಿಂದ ಯಂತ್ರದ ಮುಂದೆ ಕೂತು ಯೋಚಿಸುವ ಸಮಯ ನಮಗಿಲ್ಲ. ಯಾವ ಹರಳು, ಯಾವ ಗೆರೆ ಎಂಬುದು ಊರಿನಲ್ಲಿಯೇ ತೀರ್ಮಾನವಾಗಿರಬೇಕು.

ಅಚ್ಚಿನ ಮೇಲೆ ಇಂಗಾಲದ ತೆಳು ಲೇಪ ಹಾಕಿದ ಮೇಲೆ ಮೊದಲು ಹಿಂಚದುರಿದ ಎಲೆಕ್ಟ್ರಾನುಗಳ ಚಿತ್ರ ತೆಗೆಯಿರಿ. ಭಾರದ ಪರಮಾಣುಗಳಿದ್ದ ಕಡೆ ಚಿತ್ರ ಬೆಳ್ಳಗಾಗುತ್ತದೆ. ಆಲಿವೀನ್‌ನಲ್ಲಿ ಕಬ್ಬಿಣ ಹೆಚ್ಚಿದ ಅಂಚು ಬೆಳ್ಳಗೆ, ಮೆಗ್ನೀಸಿಯಂ ಹೆಚ್ಚಿದ ನಡು ಕಪ್ಪಗೆ. ಎಳೆಯ ಬಳೆ ಇಲ್ಲಿ ಬಣ್ಣ ಬದಲಿಸಿ ಮತ್ತೆ ಕಾಣಿಸಿಕೊಳ್ಳುತ್ತದೆ. ಈ ಚಿತ್ರವನ್ನು ಸಾವಧಾನವಾಗಿ ನೋಡಬೇಕು. ನಡುವೆ ಸಮತಟ್ಟಾದ ಬೂದುಬಣ್ಣ ವಿಶಾಲವಾಗಿ ಇರುವ ಹರಳನ್ನೇ ಆರಿಸಿ. ಶುರುವಿನಲ್ಲಿ ಹರಳು ಹೇಗಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಗೆರೆಯನ್ನು ನೇರವಾದ ಮುಖವೊಂದಕ್ಕೆ ಲಂಬವಾಗಿ, ಅದರ ಮಧ್ಯಭಾಗದಲ್ಲಿ ಎಳೆಯಿರಿ. ಮೂಲೆಯಲ್ಲಿ ಎಳೆಯಬೇಡಿ, ಅಲ್ಲಿ ಎರಡು ಕಡೆಯಿಂದಲೂ ಕಬ್ಬಿಣ ನುಗ್ಗಿರುತ್ತದೆ. ಬಿರುಕಿನ ಹತ್ತಿರವೂ ಬೇಡ. ಆ ಗೆರೆಯ ಮೇಲೆ 2 ಮೈಕ್ರಾನಿಗೊಂದು ಬಿಂದುವಿನಂತೆ ಕಬ್ಬಿಣ, ಮೆಗ್ನೀಸಿಯಂ, ನಿಕ್ಕಲ್, ಮ್ಯಾಂಗನೀಸ್, ಕ್ಯಾಲ್ಸಿಯಂಗಳನ್ನು ಅಳೆಯಿರಿ. ಯಂತ್ರದ ಸಮಯ ಕಡಿಮೆ ಇದ್ದರೆ ಕೆಲವೇ ಬಿಂದುಗಳನ್ನು ಅಳೆದು, ಚಿತ್ರದ ಬೂದುಬಣ್ಣವನ್ನು ಅವುಗಳಿಗೆ ಹೊಂದಿಸಿ ಉಳಿದ ಗೆರೆಯನ್ನು ಚಿತ್ರದಿಂದಲೇ ಓದಬಹುದು.

ಇನ್ನು ದಿಕ್ಕು. ಆಲಿವೀನ್‌ನಲ್ಲಿ ಕಬ್ಬಿಣ ಎಲ್ಲ ಕಡೆಗೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಹರಳಿಗೆ ಒಂದಕ್ಕೊಂದು ಲಂಬವಾದ ಎ, ಬಿ, ಸಿ ಎಂಬ ಮೂರು ಅಕ್ಷಗಳಿವೆ. ಸಿ ಅಕ್ಷದ ಉದ್ದಕ್ಕೆ ಹೋಗುವ ವೇಗ ಎ ಮತ್ತು ಬಿ ಅಕ್ಷಗಳಿಗಿಂತ ಸುಮಾರು ಆರು ಪಟ್ಟು. ನೀವು ಎಳೆದ ಗೆರೆ ಯಾವ ಅಕ್ಷಕ್ಕೆ ಎಷ್ಟು ಕೋನದಲ್ಲಿದೆ ಎಂದು ತಿಳಿಯದಿದ್ದರೆ ಉಳಿದದ್ದೆಲ್ಲ ವ್ಯರ್ಥ. ದೊಡ್ಡ ಪ್ರಯೋಗಾಲಯಗಳು ಇದನ್ನು ಎಲೆಕ್ಟ್ರಾನ್ ಹಿಂಚದುರುವಿಕೆಯ ವಿವರ್ತನದಿಂದ ಗಂಟೆಯೊಳಗೆ ಕಂಡುಕೊಳ್ಳುತ್ತವೆ. ನಮ್ಮ ಕಪಾಟಿನಲ್ಲಿ ಹಳೆಯ ಯುನಿವರ್ಸಲ್ ಸ್ಟೇಜ್ ಒಂದಿದೆ, ಅಂದರೆ ಕಲ್ಲಿನ ತೆಳುಪದರವನ್ನು ಎಲ್ಲ ಕಡೆಗೂ ಓರೆಮಾಡಿ ತಿರುಗಿಸಬಲ್ಲ ಸೂಕ್ಷ್ಮದರ್ಶಕದ ಪೀಠ. ಯಾರೂ ಮುಟ್ಟದೆ ಹಿತ್ತಾಳೆ ಹಸಿರುಗಟ್ಟಿತ್ತು. ಅದನ್ನು ಒರೆಸಿ ಎಣ್ಣೆ ಹಾಕಿ ಬಳಕೆಗೆ ತಂದೆವು. ಅಚ್ಚಿನ ಬದಲು 30 ಮೈಕ್ರಾನ್ ದಪ್ಪದ, ಮೇಲ್ಮೈ ಹೊಳಪಿನ ತೆಳುಪದರ ಮಾಡಿಕೊಂಡರೆ, ಆಲಿವೀನ್‌ನ ಮೂರು ಬೆಳಕಿನ ದಿಕ್ಕುಗಳನ್ನು ಆ ಸ್ಟೇಜಿನ ಮೇಲೆ ತಿರುಗಿಸಿ ತಿರುಗಿಸಿ ಹಿಡಿಯಬಹುದು. ಆಲಿವೀನ್‌ನಲ್ಲಿ ಅವು ಹರಳಿನ ಮೂರು ಅಕ್ಷಗಳ ಮೇಲೆಯೇ ಕೂರುತ್ತವೆ: ವೇಗದ ಕಿರಣದ ದಿಕ್ಕು ಬಿ, ನಡುವಿನದು ಸಿ, ನಿಧಾನದ್ದು ಎ. ಒಂದು ಹರಳಿಗೆ ಅರ್ಧ ದಿನ ಬೇಕು. ಆ ಅರ್ಧ ದಿನದಲ್ಲಿ ಮಕ್ಕಳು ಖನಿಜವಿಜ್ಞಾನ ಕಲಿಯುವಷ್ಟು ನನ್ನ ಇಡೀ ಸೆಮಿಸ್ಟರಿನ ಪಾಠದಲ್ಲಿ ಕಲಿಯುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಿದ್ದೇನೆ.

ಲೆಕ್ಕ

ಅಭ್ಯಾಸಕ್ಕೆ ನಾನು ಕೊಡುವ ಲೆಕ್ಕ ಇದು. ಹರಳಿನ ನಡುವೆ ಫಾರ್ಸ್ಟರೈಟ್ ಅಂಕ 82, ತೀರಾ ಅಂಚಿನಲ್ಲಿ 74. ವ್ಯತ್ಯಾಸ 8. ಅಂಚಿನ ದ್ರವ ಬದಲಾಗದೆ ಉಳಿದಿದ್ದರೆ, ವ್ಯತ್ಯಾಸದ ನೂರಕ್ಕೆ 84 ಪಾಲು ದಾಟಿದ ಜಾಗ, ಅಂದರೆ ಅಂಕ ಸುಮಾರು 80.7 ಇರುವ ಜಾಗ, ಅಂಚಿನಿಂದ ಎಷ್ಟು ದೂರವಿದೆ ಎಂದು ನೋಡಬೇಕು. ನಮ್ಮ ಗೆರೆಯಲ್ಲಿ ಅದು 24 ಮೈಕ್ರಾನ್ ಎನ್ನೋಣ. ಆಗ ಸೂತ್ರ ಸರಳ: ಸಮಯ = ಆ ದೂರದ ವರ್ಗ ÷ (4 × ವಿಸರಣಾ ಗುಣಾಂಕ).

ಹರಡುವ ವೇಗವನ್ನು ಹೇಳುವ ಈ ಗುಣಾಂಕ ಎಲ್ಲಿಂದ ಬರಬೇಕು? ಜರ್ಮನಿಯ ಬೋಕುಮ್‌ನಲ್ಲಿ ರಾಲ್ಫ್ ಡೋಮೆನ್ ಮತ್ತು ಸುಮಿತ್ ಚಕ್ರಬರ್ತಿ ಅವರು ಹರಳುಗಳನ್ನು ಕುಲುಮೆಯಲ್ಲಿಟ್ಟು ಅಳೆದು 2007ರಲ್ಲಿ ಪ್ರಕಟಿಸಿದ ಸಮೀಕರಣದಿಂದ. ಸಿ ಅಕ್ಷಕ್ಕೆ ಗುಣಾಂಕದ ಲಾಗ್ ಹೀಗೆ ಸಿಗುತ್ತದೆ. −9.21ರಿಂದ ಶುರು ಮಾಡಿ. 201000 ಅನ್ನು (2.303 × 8.314 × ಕೆಲ್ವಿನ್ ತಾಪಮಾನ) ಇಷ್ಟರಿಂದ ಭಾಗಿಸಿ, ಬಂದದ್ದನ್ನು ಕಳೆಯಿರಿ, 1,120 ಡಿಗ್ರಿ ಸೆಲ್ಸಿಯಸ್‌ಗೆ ಅದು 7.54. ಪ್ಯಾಸ್ಕಲ್‌ನಲ್ಲಿರುವ ಆಮ್ಲಜನಕದ ಫ್ಯುಗಾಸಿಟಿಯನ್ನು, ಅಂದರೆ ಅದರ ಪರಿಣಾಮಕಾರಿ ಒತ್ತಡವನ್ನು, 10⁻⁷ರಿಂದ ಭಾಗಿಸಿ, ಲಾಗ್ ತೆಗೆದು, ಆರರಲ್ಲೊಂದು ಪಾಲನ್ನು ಕೂಡಿಸಿ. ಇಂಥ ಶಿಲಾರಸಕ್ಕೆ ಸುಮಾರು 0.57. ಕಬ್ಬಿಣದ ಪಾಲಿನಿಂದ 0.1 ಕಳೆದು ಮೂರರಿಂದ ಗುಣಿಸಿ ಕೂಡಿಸಿ. ಕಬ್ಬಿಣ ಸರಾಸರಿ 0.22 ಇದ್ದರೆ 0.36. ಒಟ್ಟು −15.82. ಅಂದರೆ ಗುಣಾಂಕ ಸೆಕೆಂಡಿಗೆ 1.5 × 10⁻¹⁶ ಚದರ ಮೀಟರ್. ಒತ್ತಡದ ಪದವೂ ಒಂದಿದೆ. ಭೂಪಟಲದ ಆಳಕ್ಕೆ ಅದರ ತೂಕ ಚಿಕ್ಕದು.

24 ಮೈಕ್ರಾನಿನ ವರ್ಗವನ್ನು ಇದರ ನಾಲ್ಕರಷ್ಟರಿಂದ ಭಾಗಿಸಿದರೆ 9.6 ಲಕ್ಷ ಸೆಕೆಂಡು. ಹನ್ನೊಂದು ದಿನ.

ಈ ಅಂಕಿಯನ್ನು ನೋಡಿ ಮಕ್ಕಳ ಮುಖ ಅರಳುವಾಗಲೇ ಮುಂದಿನ ಎರಡು ಲೆಕ್ಕ ಮಾಡಿಸುತ್ತೇನೆ. ಗೆರೆ ಸಿ ಅಕ್ಷಕ್ಕೆ 60 ಡಿಗ್ರಿ ಓರೆಯಾಗಿತ್ತು ಎಂದಿಟ್ಟುಕೊಳ್ಳಿ. ಕೋಸೈನ್ ವರ್ಗ ಕಾಲು ಭಾಗ. ಕಾಲು ಭಾಗ ಸಿ ವೇಗ, ಮುಕ್ಕಾಲು ಭಾಗ ಅದರ ಆರರಲ್ಲೊಂದು ವೇಗ. ಕೂಡಿದರೆ ಗುಣಾಂಕ 0.375 ಪಟ್ಟಿಗೆ ಇಳಿಯಿತು. ಅದೇ 24 ಮೈಕ್ರಾನ್ ಈಗ 30 ದಿನ. ಗೆರೆ ಎ ಅಕ್ಷದ ಉದ್ದಕ್ಕೇ ಇದ್ದಿದ್ದರೆ 67 ದಿನ. ಎರಡನೆಯದು, ತಾಪಮಾನವನ್ನು 30 ಡಿಗ್ರಿ ಕಡಿಮೆ ಮಾಡಿ, ಅದರ ಜೊತೆಗೆ ಇಳಿಯುವ ಆಮ್ಲಜನಕದ ಪದವನ್ನೂ ಬದಲಿಸಿ ಮತ್ತೆ ಲೆಕ್ಕ ಹಾಕುವುದು. ಹನ್ನೊಂದು ದಿನ ಹತ್ತೊಂಬತ್ತಾಗುತ್ತದೆ. ಗಾಜಿನ ರಾಸಾಯನಿಕ ಸಂಯೋಜನೆಯಿಂದ ತಾಪಮಾನ ಕಂಡುಕೊಳ್ಳುವ ನಮ್ಮ ವಿಧಾನಗಳಲ್ಲಿ 20–30 ಡಿಗ್ರಿ ಅನಿಶ್ಚಿತತೆ ಸಹಜ. ಹಾಗಾಗಿ ಒಂದು ಹರಳಿನಿಂದ "ಹನ್ನೊಂದು ದಿನ" ಎಂದು ಬರೆದವರ ಉತ್ತರಪತ್ರಿಕೆಗೆ ನಾನು ಅಂಕ ಕೊಡುವುದಿಲ್ಲ. "ಒಂದರಿಂದ ಮೂರು ವಾರ" ಎಂದು ಬರೆದು, ಕಾರಣ ಹೇಳಿದವರಿಗೆ ಕೊಡುತ್ತೇನೆ.

ಇದು ನಿಜವಾಗಿಯೂ ವಿಸರಣೆಯೇ, ಅಥವಾ ಹರಳು ಬೆಳೆಯುತ್ತಾ ಬೆಳೆಯುತ್ತಾ ಅಂಚಿಗೆ ಕಬ್ಬಿಣ ಸೇರಿಸಿಕೊಂಡದ್ದೇ ಎಂಬ ಸಂಶಯ ಇದ್ದೇ ಇರುತ್ತದೆ. ಒಂದೇ ಹರಳಿನಲ್ಲಿ ಎರಡು ದಿಕ್ಕಿನ ಗೆರೆಗಳನ್ನು ಹೋಲಿಸಿದರೆ ಬಗೆಹರಿಯುತ್ತದೆ. ವಿಸರಣೆಯಾಗಿದ್ದರೆ ಸಿ ದಿಕ್ಕಿನ ಬಳೆ ಎ ದಿಕ್ಕಿನದಕ್ಕಿಂತ ಸುಮಾರು 2.4 ಪಟ್ಟು ಅಗಲವಾಗಿರಬೇಕು. ಆರರ ವರ್ಗಮೂಲ ಅಷ್ಟು. ಎರಡೂ ಕಡೆ ಒಂದೇ ಅಗಲವಿದ್ದರೆ ಅದು ಬೆಳವಣಿಗೆಯ ಗುರುತು, ಗಡಿಯಾರವಲ್ಲ. ಈ ಪರೀಕ್ಷೆಯನ್ನು ನಾನು ಬಹಳ ನೆಚ್ಚಿಕೊಂಡಿದ್ದೇನೆ. ನಿಕ್ಕಲ್ ಗೆರೆಯಿಂದ ಬಂದ ಸಮಯವೂ ಹೊಂದಿಕೊಂಡರೆ ಮನಸ್ಸು ಇನ್ನೂ ಗಟ್ಟಿಯಾಗುತ್ತದೆ. ರಂಜಕ ಹರಳಿನೊಳಗೆ ಬಹಳ ನಿಧಾನವಾಗಿ ಚಲಿಸುವುದರಿಂದ, ಹರಳು ಹೇಗೆ ಬೆಳೆಯಿತೆಂಬ ಹಳೆಯ ಗುರುತುಗಳನ್ನು ಅದು ಅಳಿಸದೆ ಇಟ್ಟುಕೊಂಡಿರುತ್ತದೆ.

ದಿನಗಳು ಸಿಕ್ಕವು, ಅವು ಯಾವ ದಿನಗಳು

ಹರಳಿನ ಗಡಿಯಾರ ಓಡತೊಡಗಿದ್ದು ಅದರ ಸುತ್ತಲಿನ ದ್ರವ ಬದಲಾದಾಗ. ಅದು ಮೇಲೇರತೊಡಗಿದ ಗಳಿಗೆಯೇ ಆಗಿರಬೇಕೆಂದಿಲ್ಲ. ಬೆರಕೆಯಾದ ಮೇಲೆ ಶಿಲಾರಸ ಒಂದು ತಿಂಗಳು ಅಲ್ಲಿಯೇ ಕೂತು, ಕೊನೆಯ ಒಂದು ದಿನದಲ್ಲಿ ಮೇಲೆದ್ದಿರಬಹುದು. ಆದ್ದರಿಂದ "ಏರಿಕೆಯ ವೇಗ" ಎಂದು ಬರೆಯುವ ಮೊದಲು ಆಳವನ್ನು ಬೇರೆ ದಾರಿಯಿಂದ ಕಂಡುಕೊಳ್ಳಬೇಕು. ಹರಳು ಬೆಳೆಯುವಾಗ ತನ್ನೊಳಗೆ ಸೆರೆಹಿಡಿದ ಗಾಜಿನ ಹನಿಗಳಲ್ಲಿ ಎಷ್ಟು ನೀರು, ಎಷ್ಟು ಇಂಗಾಲದ ಡೈಆಕ್ಸೈಡ್ ಕರಗಿದೆ ಎಂಬುದರಿಂದ ಒತ್ತಡವೂ ಅದರಿಂದ ಆಳವೂ ತಿಳಿಯುತ್ತದೆ.

ಎರಡೂ ಕೈಸೇರಿದಾಗ ಕಾಣುವ ಚಿತ್ರ ಎಷ್ಟು ದೊಡ್ಡದೆಂದರೆ, ಕೋಸ್ಟರಿಕಾದ ಇರಾಸು ಜ್ವಾಲಾಮುಖಿಯ ಕಥೆಯನ್ನು ತರಗತಿಯಲ್ಲಿ ಹೇಳುವಾಗ ಇಂದಿಗೂ ನನಗೆ ಮೈ ಜುಮ್ಮೆನ್ನುತ್ತದೆ. ಅದು 1963ರ ಮಾರ್ಚಿನಲ್ಲಿ ಸಿಡಿಯತೊಡಗಿ 1965ರವರೆಗೆ ಬೂದಿ ಉಗುಳಿತು. ಅರ್ಧ ಶತಮಾನದ ನಂತರ, 2013ರಲ್ಲಿ, ಫಿಲಿಪ್ ರೂಪ್ರೆಕ್ಟ್ ಮತ್ತು ಟೆರಿ ಪ್ಲ್ಯಾಂಕ್ ಆ ಬೂದಿಯ ಆಲಿವೀನ್‌ಗಳಲ್ಲಿ ನಿಕ್ಕಲ್‌ನ ಏರಿಳಿತ ಇನ್ನೂ ಅಳಿಸದೆ ಉಳಿದಿರುವುದನ್ನು ತೋರಿಸಿದರು. ಭೂಪಟಲದಲ್ಲಿ ಬಹುಕಾಲ ನಿಂತಿದ್ದರೆ ಅದು ಸಮವಾಗಿ ಹೋಗಿರಬೇಕಿತ್ತು. ಅಂದರೆ ಶಿಲಾರಸ ಸುಮಾರು 35 ಕಿಲೋಮೀಟರ್ ಆಳದ ಮ್ಯಾಂಟಲ್‌ನಿಂದ, ಅಂದರೆ ಭೂಪಟಲದ ಕೆಳಗಿನ ಪದರದಿಂದ, ಕೆಲವು ತಿಂಗಳಿಂದ ವರ್ಷಗಳೊಳಗೆ ಮೇಲೆ ಬಂದಿತ್ತು. ಕೇಟ್ ಸಾಂಡರ್ಸ್ ಮತ್ತು ಸಂಗಡಿಗರು 2012ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಪರ್ವತದ 1980–86ರ ಕಲ್ಲುಗಳಿಂದ ಆರ್ಥೊಪೈರಾಕ್ಸಿನ್ ಹರಳುಗಳನ್ನು ತೆಗೆದು, ಅವುಗಳ ಅಂಚು ಬೆಳೆದ ಕಾಲಗಳನ್ನು ಲೆಕ್ಕಹಾಕಿ ಭೂಕಂಪಮಾಪಕದ ದಾಖಲೆಯ ಪಕ್ಕದಲ್ಲಿಟ್ಟರು. ನೆಲ ಹೆಚ್ಚು ನಡುಗಿದ ತಿಂಗಳುಗಳಿಗೂ ಅಂಚು ಹೆಚ್ಚು ಬೆಳೆದ ತಿಂಗಳುಗಳಿಗೂ ಹೊಂದಾಣಿಕೆ ಕಂಡಿತು. ಕೆಳಗೆ ಶಿಲಾರಸ ಸೇರಿದ ಸುದ್ದಿಯನ್ನು ಯಂತ್ರವೂ ಹರಳೂ ಬೇರೆಬೇರೆಯಾಗಿ ಬರೆದಿಟ್ಟಿದ್ದವು. ತಪ್ಪಲಿನ ಜನರಿಗೆ ಮುನ್ಸೂಚನೆ ಕೊಡಬೇಕಾದವರಿಗೆ ಇದರ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಕೊನೆಯ ಓಟವನ್ನು ಅಳೆಯಲು ಕಬ್ಬಿಣ ತೀರಾ ನಿಧಾನ. ಅದಕ್ಕೆ ನೀರು ಬೇಕು. ಹರಳಿನ ಅಂಚಿನಲ್ಲಿ ಹೊರಗೆ ಬಾಯಿ ತೆರೆದ ಗಾಜಿನ ಕೊಲ್ಲಿಗಳಿರುತ್ತವೆ. ಒತ್ತಡ ಇಳಿದಂತೆ ಅವುಗಳ ನೀರು ಹೊರಗೆ ಸೋರುತ್ತದೆ, ಎಷ್ಟು ಸೋರಿದೆ ಎಂಬುದೇ ಗಡಿಯಾರ. ಗ್ವಾಟೆಮಾಲಾದ ಫ್ಯೂಗೊದಲ್ಲಿ 1974ರ ಅಕ್ಟೋಬರಿನ ಸಿಡಿತಕ್ಕೆ ಈ ಲೆಕ್ಕ ಕೊಟ್ಟ ಉತ್ತರ ಸುಮಾರು ಹತ್ತು ನಿಮಿಷ.

ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ: ನಮ್ಮ ಹಿರೇಗುಡ್ಡದ ಕರಿಕಲ್ಲಿನಲ್ಲಿ ಇದನ್ನು ಮಾಡಬಹುದೇ? ಸಂಗನಕಲ್ಲಿನ ಹತ್ತಿರ ನವಶಿಲಾಯುಗದ ಜನ ಕೊಡಲಿ ಮಾಡಿದ, ಬಡಿದರೆ ಗಂಟೆಯಂತೆ ನುಡಿಯುವ ಆ ಡಾಲರೈಟ್ ಕೂಡ ಶಿಲಾರಸವೇ. ಆದರೆ ಅದು ನೆಲದೊಳಗೇ ನಿಧಾನವಾಗಿ ತಣಿದದ್ದು. ಗಡಿಯಾರ ಯಾವಾಗ ನಿಂತಿತೆಂದು ಹೇಳುವಂತಿಲ್ಲ. ಸಂಡೂರಿನ ಹಳೆಯ ಲಾವಾಗಳು 270 ಕೋಟಿ ವರ್ಷಗಳಷ್ಟು ಹಿಂದಿನವು; ಬಿಸಿ ಮತ್ತು ನೀರಿನಿಂದ ಅವುಗಳ ಆಲಿವೀನ್ ಬೇರೆ ಖನಿಜವಾಗಿ ಹೋಗಿದೆ. ಗುಂತಕಲ್ಲಿನಾಚೆ ವಜ್ರಕರೂರಿನ ಕಿಂಬರ್ಲೈಟ್, ರಾಯಚೂರು ಕಡೆಯ ಸಿದ್ದನಪಲ್ಲಿಯ ಕಿಂಬರ್ಲೈಟ್ ಇನ್ನೊಂದು ಬಗೆಯವು: ಬಹಳ ಆಳದಿಂದ ಎದ್ದು ಬಂದ, ವಜ್ರ ಹೊತ್ತು ತರಬಲ್ಲ ಜ್ವಾಲಾಮುಖಿ ಕಲ್ಲುಗಳು. ಮೊದಲ ಮಳೆ ಬಿದ್ದ ಮೇಲೆ ವಜ್ರಕರೂರಿನ ಹೊಲಗಳಲ್ಲಿ ತಲೆ ತಗ್ಗಿಸಿ ಹುಡುಕುವ ಜನರಲ್ಲಿ ನಮ್ಮ ಊರಿನವರೂ ಇರುತ್ತಾರೆ. ಅವರು ಹುಡುಕುವ ವಜ್ರ 150 ಕಿಲೋಮೀಟರಿಗಿಂತ ಆಳದಿಂದ ಬಂದದ್ದು. ನಿಧಾನವಾಗಿ ಬಂದಿದ್ದರೆ ದಾರಿಯಲ್ಲಿಯೇ ಕೆಡುತ್ತಿತ್ತು. ಬೇರೆ ದೇಶದ ಕಿಂಬರ್ಲೈಟ್‌ಗಳು ಹೊತ್ತು ತಂದ ಮ್ಯಾಂಟಲ್ ಕಲ್ಲುಗಳ ಅಭ್ರಕದಲ್ಲಿ ಆರ್ಗಾನ್ ಎಷ್ಟು ಉಳಿದಿದೆ ಎಂದು ಅಳೆದು, ಆ ಏರಿಕೆ ಗಂಟೆಗಳಿಂದ ದಿನಗಳ ಕೆಲಸ ಎಂದು 2000ದಲ್ಲಿ ಸೈಮನ್ ಕೆಲ್ಲಿ ಮತ್ತು ಜೋ-ಆನ್ ವಾರ್ಥೋ ತೋರಿಸಿದರು. ಇಲ್ಲಿಯ ಅಭ್ರಕದಲ್ಲಿ ಆ ಅಳತೆಯನ್ನು ಮಾಡಬೇಕೆಂಬ ಹುಡುಗಿಯೊಬ್ಬಳು ಈ ವರ್ಷ ನನ್ನ ತರಗತಿಯಲ್ಲಿದ್ದಾಳೆ.

ಇನ್ನು ಉಳಿದದ್ದು ಹರಳುಗಳ ಸಂಖ್ಯೆ. ಕನಿಷ್ಠ ಇಪ್ಪತ್ತು ಹರಳುಗಳ ಸಮಯವನ್ನು ಒಂದೇ ಪಟ್ಟಿಯಲ್ಲಿ ಇಡಿ. ಹೆಚ್ಚಿನವು ಒಂದು ಕಡೆ ಗುಂಪಾಗುತ್ತವೆ. ಒಂದೆರಡು ದೂರ ನಿಲ್ಲುತ್ತವೆ. ದೂರ ನಿಂತವನ್ನು ಅಳಿಸಬೇಡಿ. ಮೊದಲು ಚಿತ್ರಕ್ಕೆ ಹಿಂತಿರುಗಿ ಕೊಯ್ತ ಓರೆಯಾಗಿದೆಯೇ ನೋಡಿ, ಆಮೇಲೆ ಅಕ್ಷದ ಕೋನವನ್ನು ಮತ್ತೆ ಅಳೆಯಿರಿ. ಎರಡೂ ಸರಿಯಿದ್ದರೆ ಆ ಹರಳು ಬೇರೆ ದಾರಿಯಿಂದ ಬಂದದ್ದಾಗಿರಬಹುದು. ನನ್ನ ಈಗಿನ ಅಚ್ಚಿನಲ್ಲಿ 13ನೆಯ ಹರಳು ಹಾಗಿದೆ. ಅದರ ಪಕ್ಕ ಪೆನ್ಸಿಲ್ಲಿನಿಂದ ಪ್ರಶ್ನಾರ್ಥಕ ಹಾಕಿ, ಹತ್ತಿಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟಿದ್ದೇನೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಒಂದು ದಿನ ಸಿಕ್ಕಿದೆ.